ಮುಖಪುಟದ ಕರ್ತೃ ಯಾರು: ಪ್ರಕಾಶಕರಿಗೂ ಓದುಗರಿಗೂ ಒಂದು ಮನವಿ

ಕನ್ನಡ ಪುಸ್ತಕಗಳ ಶೀರ್ಷಿಕೆಪುಟದ ಹಿಂಬದಿಯಲ್ಲಿ, ಹಕ್ಕುಗಳು ಯಾರವು, ಪುಟಗಳೆಷ್ಟು, ಬೆಲೆಯೆಷ್ಟು, ಬಳಸಿದ ಕಾಗದ ಯಾವುದು ಎಂಬ ವಿವರಗಳ ನಡುವೆ ‘ಮುಖಪುಟ ವಿನ್ಯಾಸ’ ಎಂಬ ಸಾಲೊಂದು ಬಹುಕಾಲದಿಂದ ಬಂದಿದೆ. ಪುಸ್ತಕದ ಹೊರಮೈಯನ್ನು ರೂಪಿಸಿದ ಕಲಾವಿದರಿಗೆ ಸಿಗುವ ಸಾರ್ವಜನಿಕ ಮನ್ನಣೆ ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟೇ. ಮಾತಿನಲ್ಲಿ ವರ್ಣಿಸಿದ್ದನ್ನು ಕೆಲವೇ ಕ್ಷಣಗಳಲ್ಲಿ ಚಿತ್ರವಾಗಿಸಿ ಕೊಡುವ ಕೃತಕ ಬುದ್ಧಿಮತ್ತೆಯ, ಅಂದರೆ ಎಐ, ಉಪಕರಣಗಳು ಪ್ರಕಾಶಕರ ಹಾಗೂ ಚಿತ್ರನಿರ್ಮಾಪಕರ ಕೈಗೆ ಬಂದ ಮೇಲೆ ಈ ಸಾಲಿನಲ್ಲಿ ಏನನ್ನು ಬರೆಯಬೇಕು, ಯಾರ ಹೆಸರನ್ನು ಬರೆಯಬೇಕು ಎಂಬುದು ಇತ್ಯರ್ಥವಾಗದೆ ಉಳಿದಿದೆ. ಅದನ್ನು ಪ್ರಾಮಾಣಿಕವಾಗಿ ತುಂಬಬೇಕು, ಸಾಧ್ಯವಿದ್ದಲ್ಲೆಲ್ಲ ಮನುಷ್ಯರ ಹೆಸರಿನಿಂದಲೇ ತುಂಬಬೇಕು ಎಂಬುದು ಕನ್ನಡದ ಪ್ರಕಾಶಕರು, ಲೇಖಕರು, ನಿರ್ಮಾಪಕರು ಮತ್ತು ಓದುಗರ ಮುಂದೆ ಇಡುತ್ತಿರುವ ಈ ಮನವಿಯ ಸಾರ.

ಈ ಉಪಕರಣಗಳು ಜನಬಳಕೆಗೆ ಬಂದದ್ದು 2022ರಲ್ಲಿ. ಆ ಒಂದೇ ವರ್ಷದ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಡಾಲ್-ಇ 2, ಮಿಡ್‌ಜರ್ನಿ ಮತ್ತು ಸ್ಟೇಬಲ್ ಡಿಫ್ಯೂಷನ್ ಒಂದರ ಹಿಂದೊಂದು ಬಂದವು. ಇವುಗಳ ಹಿಂದಿರುವ ಡಿಫ್ಯೂಷನ್ ವಿಧಾನದಲ್ಲಿ, ಅಸಂಖ್ಯ ಚಿತ್ರಗಳಿಗೆ ಹಂತಹಂತವಾಗಿ ಅರ್ಥವಿಲ್ಲದ ಚುಕ್ಕೆಗಳ ಗದ್ದಲವನ್ನು ಬೆರೆಸಿ, ಆ ಗದ್ದಲವನ್ನು ತೆಗೆದು ಚಿತ್ರವನ್ನು ಮರಳಿ ಪಡೆಯುವುದು ಹೇಗೆಂದು ಗಣಕ ಮಾದರಿಗೆ ಕಲಿಸಲಾಗುತ್ತದೆ. ಕಲಿತ ಮಾದರಿಯು ಮುಂದೆ ಬರಿಯ ಗದ್ದಲದಿಂದ ಹೊರಟು, ಬಳಕೆದಾರರು ಕೊಟ್ಟ ವರ್ಣನೆಗೆ, ಅಂದರೆ ಪ್ರಾಂಪ್ಟ್‌ಗೆ, ಹೊಂದುವ ಹೊಸ ಚಿತ್ರವನ್ನು ಮೂಡಿಸುತ್ತದೆ. ಹಾಗಾಗಿ ಅವು ಇತರರ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತವೆ ಎಂಬ ಆರೋಪ ನಿಖರವಲ್ಲ. ಆದರೆ ಕಲಿಕೆಗೆ ಬಳಕೆಯಾದ ಚಿತ್ರಗಳು ಯಾರವು ಎಂಬ ಪ್ರಶ್ನೆ ಅದರಿಂದ ಅಳಿಯುವುದಿಲ್ಲ. ಸ್ಟೇಬಲ್ ಡಿಫ್ಯೂಷನ್‌ನ ಕಲಿಕೆಗೆ ಆಧಾರವಾದ ಲಯನ್-5ಬಿ ಎಂಬ ಸಂಗ್ರಹದಲ್ಲಿ ಅಂತರಜಾಲದಿಂದ ಪಟ್ಟಿ ಮಾಡಿದ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳೂ ಅವುಗಳ ವಿವರಣೆಗಳೂ ಇದ್ದವು. ಆ ಚಿತ್ರಗಳನ್ನು ಬರೆದವರ ಒಪ್ಪಿಗೆಯನ್ನು ಕೇಳಿರಲಿಲ್ಲ. 2023ರ ಜನವರಿಯಲ್ಲಿ ಅಮೆರಿಕದ ಮೂವರು ಕಲಾವಿದರು ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಈ ಅನ್ಯಾಯವನ್ನು ಮುಂದಿಟ್ಟುಕೊಂಡೇ.

ಒಪ್ಪಿಗೆಯ ಪ್ರಶ್ನೆಗಿಂತಲೂ ಕನ್ನಡಕ್ಕೆ ಹತ್ತಿರವಾದ ಇನ್ನೊಂದು ಪ್ರಶ್ನೆಯಿದೆ. ಒಳ್ಳೆಯ ಮುಖಪುಟವೆಂಬುದು ಪುಸ್ತಕಕ್ಕೆ ತೊಡಿಸಿದ ಅಲಂಕಾರವಲ್ಲ, ಅದು ಆ ಕೃತಿಯ ಮೊದಲ ವಿಮರ್ಶೆ. ಹಸ್ತಪ್ರತಿಯನ್ನು ಓದಿದ ಕಲಾವಿದನು ಅದರಲ್ಲಿ ತನಗೆ ಮುಖ್ಯವೆಂದು ಕಂಡದ್ದನ್ನು ರೇಖೆಯಲ್ಲಿ, ಬಣ್ಣದಲ್ಲಿ, ಬಿಟ್ಟ ಖಾಲಿ ಜಾಗದಲ್ಲಿ ಹೇಳುತ್ತಾನೆ. ನವ್ಯದ ಕಾಲದಲ್ಲಿ ಎಸ್.ಜಿ. ವಾಸುದೇವ್ ಅವರಂಥ ವರ್ಣಚಿತ್ರಕಾರರು ತಮ್ಮ ಓರಗೆಯ ಲೇಖಕರ ಪುಸ್ತಕಗಳಿಗೆ ಮುಖಪುಟ ಬರೆದದ್ದೂ, ಅದೇ ವಾಸುದೇವ್ 1970ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾನಿರ್ದೇಶನ ಮಾಡಿದ್ದೂ ಸಾಹಿತ್ಯ, ಚಿತ್ರಕಲೆ, ಸಿನಿಮಾಗಳು ಪರಸ್ಪರ ಓದಿಕೊಳ್ಳುತ್ತಿದ್ದುದರ ಫಲ. ಪತ್ರಿಕೆಗಳ ಕಥಾಚಿತ್ರಗಳಿಂದ ಹಿಡಿದು ಪುಸ್ತಕಗಳ ಮುಖಪುಟಗಳವರೆಗೆ ಚಂದ್ರನಾಥ ಆಚಾರ್ಯ ಅವರು ಬರೆದ ಚಿತ್ರಗಳನ್ನು ಕಂಡವರಿಗೆ, ಕಥೆಯನ್ನು ಒಳಹೊಕ್ಕು ಓದಿದ ಕೈಯ ಗುರುತು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಉಪಕರಣದಿಂದ ಬರುವ ಚಿತ್ರಕ್ಕೆ ಇಂಥ ಓದಿನ ಹಿನ್ನೆಲೆ ಇರುವುದಿಲ್ಲ, ಅದು ಬಹುಸಂಖ್ಯೆಯ ಚಿತ್ರಗಳ ಸರಾಸರಿಯ ಕಡೆಗೆ ವಾಲುತ್ತದೆ; ಸಾಮಾನ್ಯವಾದ ವರ್ಣನೆಯನ್ನು ಕೊಟ್ಟಷ್ಟೂ ಈ ವಾಲುವಿಕೆ ಹೆಚ್ಚು. ‘ಸೀರೆಯುಟ್ಟ ಹಳ್ಳಿಯ ಹೆಂಗಸು’ ಎಂದರೆ ಅದು ಎಲ್ಲಿಗೂ ಸಲ್ಲುವ, ಆದ್ದರಿಂದ ಎಲ್ಲಿಗೂ ಸೇರದ ಒಬ್ಬಳನ್ನು ಬರೆದುಕೊಡುತ್ತದೆ. ಕೊಡವರ ಉಡುಗೆಯಲ್ಲಿ ನಿರಿಗೆ ಹಿಂದಕ್ಕೆ ಬರುತ್ತದೆ, ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ತೋಪು ತೆನಿ ಎಂಬ ಕುಣಿಕೆಯ ಜೋಡಣೆಯಿರುತ್ತದೆ, ಬಡಗುತಿಟ್ಟಿನ ಕೇದಗೆ ಮುಂದಲೆಗೂ ತೆಂಕುತಿಟ್ಟಿನ ಕಿರೀಟಕ್ಕೂ ದೂರದ ಹೋಲಿಕೆಯೂ ಇಲ್ಲ; ಒಂದು ಊರಿನ ಕಾದಂಬರಿಯನ್ನು ಆ ಊರಿನದಾಗಿಸುವುದು ಇಂಥ ವಿವರಗಳೇ. ಕನ್ನಡ ಲಿಪಿಯ ವಿಷಯದಲ್ಲಿ ಮೊದಮೊದಲ ಉಪಕರಣಗಳ ಕೊರತೆ ಇನ್ನೂ ಢಾಳಾಗಿತ್ತು: ತಲೆಕಟ್ಟು, ಗುಡಿಸು, ಕೊಂಬುಗಳು ಎಲ್ಲೆಲ್ಲೋ ಸೇರಿಕೊಂಡು, ಒತ್ತಕ್ಷರಗಳು ಕರಗಿಹೋಗಿ, ಅಕ್ಷರದಂತೆ ಕಂಡರೂ ಓದಲು ಬಾರದ ಆಕೃತಿಗಳು ಮೂಡುತ್ತಿದ್ದವು. ಈ ದೋಷ ಕಡಿಮೆಯಾಗುತ್ತ ಬಂದಿದೆ, ಮುಂದೆ ಇಲ್ಲವಾಗಲೂಬಹುದು. ಆದ್ದರಿಂದ ಅದೊಂದನ್ನೇ ನೆಚ್ಚಿ ವಾದ ಹೂಡುವುದು ಕಲಾವಿದರ ಪರವಾಗಿ ಮಾತನಾಡುವವರಿಗೆ ಒಳ್ಳೆಯದಲ್ಲ.

ಸಿನಿಮಾ ಪೋಸ್ಟರುಗಳ ಜಗತ್ತು ಇಂಥ ಒಂದು ಪಲ್ಲಟವನ್ನು ಈಗಾಗಲೇ ಕಂಡಿದೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಕೈಬರಹದ ಬ್ಯಾನರುಗಳನ್ನೂ ಆಳೆತ್ತರ ಮೀರಿದ ಕಟೌಟುಗಳನ್ನೂ ಬರೆಯುತ್ತಿದ್ದ ಕಲಾವಿದರ ಕಸುಬನ್ನು ಫ್ಲೆಕ್ಸ್ ಮುದ್ರಣವು ನುಂಗಿತು. ಅವರ ಹೆಸರುಗಳಾದರೂ ಉಳಿದವೇ ಎಂದು ಹುಡುಕಿದರೆ ಸಿಗುವುದು ಅತ್ಯಲ್ಪ. ಇನ್ನು ಪೋಸ್ಟರು, ಚಿತ್ರದಲ್ಲಿ ಏನಿರುತ್ತದೆಂದು ಪ್ರೇಕ್ಷಕರಿಗೆ ಕೊಡುವ ಒಂದು ಮಾತೂ ಹೌದು. 2024ರಲ್ಲಿ ‘ಸಿವಿಲ್ ವಾರ್’ ಎಂಬ ಅಮೆರಿಕದ ಚಿತ್ರಕ್ಕಾಗಿ ಎಐ ಚಿತ್ರಗಳ ಪ್ರಚಾರ ಪೋಸ್ಟರುಗಳು ಬಂದಾಗ, ಚಿತ್ರದಲ್ಲಿ ಇಲ್ಲದ ದೃಶ್ಯಗಳು ಅವುಗಳಲ್ಲಿದ್ದುದನ್ನೂ, ಷಿಕಾಗೋದಲ್ಲಿ ಅಕ್ಕಪಕ್ಕ ನಿಂತಿರುವ ಜೋಡಿ ಗೋಪುರಗಳು ನದಿಯ ಎರಡು ದಡಗಳಿಗೆ ಹಂಚಿಹೋಗಿದ್ದುದನ್ನೂ ನೋಡುಗರು ಎತ್ತಿ ಆಡಿದರು.

ಪ್ರಕಾಶಕರ ಕಷ್ಟವನ್ನು ಅಲ್ಲಗಳೆದು ಈ ಮನವಿ ಮಾಡುತ್ತಿಲ್ಲ. ಒಂದು ಸಾವಿರ ಪ್ರತಿಗಳ, ಈಚೆಗೆ ಹಲವೊಮ್ಮೆ ಅದಕ್ಕಿಂತಲೂ ಕಡಿಮೆ ಪ್ರತಿಗಳ ಮುದ್ರಣದಲ್ಲಿ ಕಲಾವಿದರಿಗೆ ಸಂಭಾವನೆ ಹೊಂದಿಸುವುದು ಸುಲಭವಲ್ಲ. ಗ್ರಂಥಾಲಯಗಳ ಸಗಟು ಖರೀದಿಯ ಬೆಲೆ ಪುಟಗಳ ಲೆಕ್ಕದಲ್ಲಿ ನಿಗದಿಯಾಗುವುದರಿಂದ ಮುಖಪುಟದ ಶ್ರಮಕ್ಕೆ ಅಲ್ಲಿ ಬೆಲೆಯೇ ಇಲ್ಲ, ಮತ್ತು ಈ ಪದ್ಧತಿ ಬದಲಾಗುವುದು ಎಐ ಬರುವುದಕ್ಕೂ ಮುಂಚೆಯೇ ಅಗತ್ಯವಾಗಿತ್ತು. ಆದರೂ ಹಣವಿಲ್ಲದ ಕಡೆ ಯಂತ್ರದ ಚಿತ್ರವೊಂದೇ ದಾರಿ ಎಂಬುದು ಸರಿಯಲ್ಲ. ಚಿತ್ರವೇ ಇಲ್ಲದ, ಒಂದೆರಡು ಬಣ್ಣಗಳಲ್ಲಿ ಕೃತಿಯ ಮತ್ತು ಕರ್ತೃವಿನ ಹೆಸರನ್ನು ಸೊಗಸಾದ ಅಕ್ಷರಗಳಲ್ಲಿ ಜೋಡಿಸಿದ ಮುಖಪುಟ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ದುಂಡಗಿನ ಕನ್ನಡ ಲಿಪಿ ಅದಕ್ಕೆ ಒದಗಿ ಬರುವಷ್ಟು ಚೆಲುವನ್ನು ತನ್ನಲ್ಲೇ ಹೊಂದಿದೆ. ಚಿತ್ರ ಬೇಕೇಬೇಕೆಂದಾದರೆ ರಾಜ್ಯದ ಕಲಾಶಾಲೆಗಳಿಂದ ಪ್ರತಿವರ್ಷ ಹೊರಬರುವ ಯುವಕಲಾವಿದರಿದ್ದಾರೆ, ಅವರಿಗೆ ಹಸ್ತಪ್ರತಿಯನ್ನು ಓದಲು ಕೊಟ್ಟು ಕೈಲಾದಷ್ಟು ಗೌರವಧನ ಕೊಡುವುದು ಸಣ್ಣ ಪ್ರಕಾಶನಗಳಿಗೂ ಅಸಾಧ್ಯವಲ್ಲ.

ಕಾನೂನಿನ ಕಡೆಯಿಂದ ನೋಡಿದರೂ ಎಚ್ಚರ ಅಗತ್ಯ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯು ಗಣಕದಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಆ ಮಾತನ್ನು ಬರೆಯುವಾಗ ಇಂದಿನ ಎಐ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಅಮೆರಿಕದ ಕೃತಿಸ್ವಾಮ್ಯ ಕಚೇರಿಯು 2023ರ ಫೆಬ್ರವರಿಯಲ್ಲಿ ಒಂದು ಚಿತ್ರಕಥಾ ಪುಸ್ತಕದ ಬರಹಕ್ಕೆ ಹಕ್ಕು ಕೊಟ್ಟು, ಮಿಡ್‌ಜರ್ನಿಯಿಂದ ಮೂಡಿದ ಅದರ ಚಿತ್ರಗಳಿಗೆ ನಿರಾಕರಿಸಿತು. ಅಂದರೆ ಅಂಥ ಚಿತ್ರವನ್ನು ಬೇರೊಬ್ಬರು ತಮ್ಮ ಪುಸ್ತಕಕ್ಕೆ ಹಾಕಿಕೊಂಡರೆ ತಡೆಯುವ ದಾರಿ ಅಲ್ಲಿ ದುರ್ಬಲ. ಲೇಖಕರು ಗಮನಿಸಬೇಕಾದುದು ನ್ಯೂಜಿಲೆಂಡಿನ ಪ್ರಸಂಗ. ಆ ದೇಶದ ಓಕಮ್ ಪುಸ್ತಕ ಪ್ರಶಸ್ತಿಯ ಪರಿಶೀಲನೆಯಿಂದ 2025ರ ನವೆಂಬರಿನಲ್ಲಿ ಹಿರಿಯ ಲೇಖಕಿಯರಾದ ಸ್ಟೆಫನಿ ಜಾನ್ಸನ್ ಮತ್ತು ಎಲಿಜಬೆತ್ ಸ್ಮಿದರ್ ಅವರ ಪುಸ್ತಕಗಳನ್ನು ಹೊರಗಿಡಲಾಯಿತು; ಬರವಣಿಗೆಯಲ್ಲಿ ದೋಷವಿತ್ತೆಂದಲ್ಲ, ಮುಖಪುಟಕ್ಕೆ ಎಐ ಬಳಕೆಯಾಗಿತ್ತೆಂದು. ಎಐ ಬಳಕೆಯನ್ನು ಹೊರಗಿಡುವಂತೆ ಪ್ರಶಸ್ತಿಯ ನಿಯಮ ಬದಲಾದಾಗ ಆ ಮುಖಪುಟಗಳು ಆಗಲೇ ಸಿದ್ಧವಾಗಿದ್ದವು ಎಂಬುದು ಪ್ರಕಾಶಕರ ಅಳಲು. ತಡವಾಗಿ ಬಂದ ನಿಯಮದ ಪೆಟ್ಟು ಬಿದ್ದದ್ದು ಬರೆದವರ ಮೇಲೆ.

ಇಂಥ ಪೆಟ್ಟು ಇಲ್ಲಿ ಯಾರಿಗೂ ಬೀಳದಂತೆ ಈಗಲೇ ಸ್ಪಷ್ಟವಾದ ರೂಢಿಯೊಂದನ್ನು ಕಟ್ಟಿಕೊಳ್ಳಬೇಕಾಗಿದೆ. ಎಐ ಚಿತ್ರವನ್ನು ಬಳಸಿದ ಪ್ರಕಾಶಕರು ‘ಮುಖಪುಟ ಚಿತ್ರ: ಎಐ ಉಪಕರಣದಿಂದ, ಅಕ್ಷರ ಮತ್ತು ವಿನ್ಯಾಸ: ಇಂಥವರು’ ಎಂದು ಅಚ್ಚು ಹಾಕಿಸಬೇಕು, ಲೇಖಕರು ಹಸ್ತಪ್ರತಿಯನ್ನು ಒಪ್ಪಿಸುವಾಗಲೇ ಮುಖಪುಟ ಹೇಗೆ ಸಿದ್ಧವಾಗುತ್ತದೆಂದು ಕೇಳಿ, ಬೇಡವಾದರೆ ಬೇಡವೆಂದು ಕರಾರಿನಲ್ಲಿ ಬರೆಸಬೇಕು, ಬದುಕಿರುವ ಕಲಾವಿದರ ಹೆಸರನ್ನು ಪ್ರಾಂಪ್ಟ್‌ನಲ್ಲಿ ಸೇರಿಸಿ ಅವರ ಶೈಲಿಯನ್ನು ಯಾರೂ ಅನುಕರಿಸಬಾರದು. ಕನ್ನಡ ಪುಸ್ತಕ ಪ್ರಾಧಿಕಾರವು ಪುಸ್ತಕ ಸೊಗಸು ಬಹುಮಾನದ ಅರ್ಜಿಯಲ್ಲಿ ಮುಖಪುಟದ ಮೂಲವನ್ನು ತಿಳಿಸುವ ಒಂದು ಕಲಮನ್ನು ಸೇರಿಸಿ, ನಿಯಮವನ್ನು ಪುಸ್ತಕಗಳು ಅಚ್ಚಾಗುವುದಕ್ಕೆ ಒಂದು ವರ್ಷ ಮೊದಲೇ ಪ್ರಕಟಿಸಲಿ. ಚಲನಚಿತ್ರ ವಾಣಿಜ್ಯ ಮಂಡಳಿಯು ಪೋಸ್ಟರಿನ ಮೇಲೆ ವಿನ್ಯಾಸಕರ ಹೆಸರು ಕಡ್ಡಾಯವಾಗಿ ಇರಬೇಕೆಂದು ತನ್ನ ಸದಸ್ಯರಿಗೆ ಸೂಚಿಸಲಿ. ಪುಸ್ತಕ ವಿಮರ್ಶೆ ಬರೆಯುವವರು ಪ್ರಕಾಶಕರ ಹೆಸರು, ಬೆಲೆಗಳ ಜೊತೆಗೆ ಮುಖಪುಟ ಕಲಾವಿದರ ಹೆಸರನ್ನೂ ಕೊಡಲಿ. ‘ಮುಖಪುಟ ವಿನ್ಯಾಸ’ದ ಸಾಲು ಖಾಲಿಯಿರುವ ಪುಸ್ತಕ ಕೈಗೆ ಬಂದಾಗ ಓದುಗರು ಪ್ರಕಾಶಕರಿಗೆ ಒಂದು ಪತ್ರ ಬರೆದು, ಮುಖಪುಟವನ್ನು ಬರೆದವರು ಯಾರೆಂದು ಕೇಳಲಿ.