ಗಾಳಕ್ಕೆ ಸಿಕ್ಕಿಸಿದ ‘ಡಾ.’

ನೀಟ್ ಫಲಿತಾಂಶ ಬಂದ ವಾರ ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯವರು ಬಣ್ಣದ ಕರಪತ್ರವೊಂದನ್ನು ಹಿಡಿದು ಮನೆಗೆ ಬಂದರು. ಮಗಳಿಗೆ ಎಂಬಿಬಿಎಸ್ ಸಿಗುವಷ್ಟು ರ‍್ಯಾಂಕ್ ಬಂದಿರಲಿಲ್ಲ. “ಸಾರ್, ಬಿಪಿಟಿ ಮಾಡಿಸಿದ್ರೂ ಹೆಸರಿನ ಮುಂದೆ ಡಾಕ್ಟರ್ ಬರುತ್ತಂತೆ. ಕಾಲೇಜಿನವರೇ ಹೇಳಿದ್ರು. ನಿಜಾನಾ?” ಎಂದರು. ಕರಪತ್ರದಲ್ಲಿ ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡ ಹುಡುಗಿಯ ಚಿತ್ರವಿತ್ತು. ಅವಳ ತಲೆಯ ಮೇಲೆ ಕೆಂಪಕ್ಷರದಲ್ಲಿ ‘ಡಾ.’ ಎಂದಿತ್ತು. ಬಿಪಿಟಿಯ ‘ಪಿಟಿ’, ಅಂದರೆ ಫಿಸಿಯೋಥೆರಪಿ ಎಂಬ ಪದವನ್ನು ಹುಡುಕಿ ಓದಬೇಕಾಯಿತು. ಕಾಲೇಜಿಗೆ ಸೇರಿದ ಆಸ್ಪತ್ರೆ ಯಾವುದು, ಅದರಲ್ಲಿ ಎಷ್ಟು ಹಾಸಿಗೆ ಎಂದು ಹುಡುಕಿದೆ, ಎಲ್ಲೂ ಇರಲಿಲ್ಲ. ಹಾಸ್ಟೆಲಿನ ಊಟದ ಫೋಟೋ ಮಾತ್ರ ಚೆನ್ನಾಗಿತ್ತು.

“ನಿಜ, ಆದರೆ...” ಎಂದು ಅಂದು ತಡವರಿಸಿದೆ. ಆ ‘ಆದರೆ’ಯ ಮುಂದಿನ ಭಾಗವನ್ನು ಈಗ ಬರೆಯುತ್ತಿದ್ದೇನೆ.

ಜಗಳ ಶುರುವಾದದ್ದು ಹೀಗೆ. 2021ರ ಕಾಯ್ದೆಯೊಂದರಡಿ ಹುಟ್ಟಿದ ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ 2025ರಲ್ಲಿ ಫಿಸಿಯೋಥೆರಪಿಗೆ ಹೊಸ ಪಠ್ಯಕ್ರಮ ತಂದಿತು. ಪದವಿ ಮುಗಿಸಿದವರು ಹೆಸರಿನ ಮುಂದೆ ‘ಡಾ.’, ಹಿಂದೆ ‘ಪಿಟಿ’ ಎಂದು ಬರೆದುಕೊಳ್ಳಬಹುದು ಎಂದು ಅದರಲ್ಲಿ ಹೇಳಿತ್ತು. ಫಿಸಿಕಲ್ ಮೆಡಿಸಿನ್ ವೈದ್ಯರ ಸಂಘ ಸಿಡಿದೆದ್ದಿತು. ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಹಾರ ತುರಾಯಿ, ಭಾಷಣ ಎಲ್ಲ ಮುಗಿದ ಮರುದಿನವೇ, 9ನೇ ತಾರೀಖು, ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಭಾರತೀಯ ವೈದ್ಯಕೀಯ ಸಂಘಕ್ಕೆ (ಐಎಂಎ) ಪತ್ರ ಬರೆದು, ಫಿಸಿಯೋಥೆರಪಿಸ್ಟರು ‘ಡಾ.’ ಹಾಕಿಕೊಳ್ಳಬಾರದು, ಅದರಿಂದ ರೋಗಿಗಳು ದಾರಿ ತಪ್ಪುತ್ತಾರೆ, 1916ರ ವೈದ್ಯಕೀಯ ಪದವಿಗಳ ಕಾಯ್ದೆಯ ಉಲ್ಲಂಘನೆಯೂ ಆಗುತ್ತದೆ ಎಂದಿತು. 10ನೇ ತಾರೀಖು ಇನ್ನೊಂದು ಪತ್ರ: ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಿದೆ, ನಿನ್ನೆಯದನ್ನು ಹಿಂಪಡೆಯಲಾಗಿದೆ. ಮದುವೆ ಮನೆಯಲ್ಲಿ ಎಲೆ ಹಾಕಿ, ಕೂತವರನ್ನು ಎಬ್ಬಿಸಿ, ಮತ್ತೆ ಕೂರಿಸಿದ ಹಾಗಾಯಿತು. ಪ್ರಕರಣ ಕೇರಳದ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ವೈದ್ಯರ ವಾದ ನನಗೆ ಒಪ್ಪಿಗೆಯಿಲ್ಲ. ರೋಗಿ ದಾರಿ ತಪ್ಪುತ್ತಾನೆ ಎನ್ನುವವರು ನಮ್ಮ ಜನ ಮಾತಾಡುವುದನ್ನು ಕೇಳಿಸಿಕೊಂಡಿಲ್ಲ. ಕನ್ನಡದಲ್ಲಿ ‘ಡಾಕ್ಟ್ರು’ ಒಂಟಿಯಾಗಿ ಓಡಾಡುವ ಪದವೇ ಅಲ್ಲ. ಹಲ್ಲಿನ ಡಾಕ್ಟ್ರು, ಕಣ್ಣಿನ ಡಾಕ್ಟ್ರು, ದನದ ಡಾಕ್ಟ್ರು, ಆಯುರ್ವೇದದ ಡಾಕ್ಟ್ರು. ಹಸು ಕರು ಹಾಕಲಾರದೆ ಒದ್ದಾಡುವಾಗ ಯಾರೂ ಹೃದಯ ತಜ್ಞರ ಮನೆ ಬಾಗಿಲು ತಟ್ಟಿದ್ದಿಲ್ಲ. ಕುವೆಂಪು ಅವರನ್ನು ಡಾ. ಕುವೆಂಪು ಎಂದು ಬರೆದಾಗ ಯಾರೂ ಅವರ ಬಳಿ ಜ್ವರಕ್ಕೆ ಮಾತ್ರೆ ಕೇಳಲಿಲ್ಲ. ಮೂಳೆ ಮುರಿದರೆ ಇಂದಿಗೂ ಪುತ್ತೂರು ಕಟ್ಟಿಗೆ ಓಡುವ ನಾಡು ಇದು. ಅಲ್ಲಿ ಕಟ್ಟುವವರಿಗೆ ಯಾವ ‘ಡಾ.’ ಬೇಕಾಯಿತು? ಇನ್ನು ಅಮೆರಿಕದಲ್ಲಿ ಫಿಸಿಯೋಥೆರಪಿ ವೃತ್ತಿಗೆ ಕಾಲಿಡಲು ಬೇಕಾದ ಪದವಿಯೇ ಡಾಕ್ಟರೇಟ್ ಮಟ್ಟದ್ದು. ಬ್ರಿಟನ್ನಿನಲ್ಲಿ ಸರ್ಜನ್ ಆದವರು ‘ಡಾಕ್ಟರ್’ ಬಿಟ್ಟು ‘ಮಿಸ್ಟರ್’ ಎನ್ನಿಸಿಕೊಳ್ಳುವುದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದಾರೆ. ಬಿರುದು ಊರಿಗೊಂದು ಥರ.

ವೈದ್ಯರ ಸಂಘಗಳ ಸಂಕಟ ಬೇರೆ. 2021ರ ಕಾಯ್ದೆ ಫಿಸಿಯೋಥೆರಪಿಸ್ಟರು ಸ್ವತಂತ್ರವಾಗಿಯೂ ಕೆಲಸ ಮಾಡಬಹುದು ಎನ್ನುತ್ತದೆ. ಅಂದರೆ ಸೊಂಟ ಹಿಡಿದವನು ಚೀಟಿ ಬರೆಸಿಕೊಳ್ಳದೆ ನೇರ ಅವರಲ್ಲಿಗೇ ಹೋಗಬಹುದು. ನೋವು ಇರುವುದು ಇಲ್ಲಿ. ಈ ಆತಂಕದಲ್ಲಿ ಒಂದು ಕಾಳಷ್ಟು ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ಬೆನ್ನುನೋವು ಎಂದು ಬಂದವರಲ್ಲಿ ಯಾರಿಗೋ ಬೆನ್ನುಮೂಳೆಯ ಕ್ಷಯವಿರಬಹುದು. ಸಂಜೆ ಹೊತ್ತು ಸಣ್ಣ ಜ್ವರ, ಇಳಿಯುತ್ತಿರುವ ತೂಕ, ರಾತ್ರಿ ಹೆಚ್ಚುವ ನೋವು. ಇನ್ನೊಬ್ಬರಿಗೆ ಕೂರುವ ಜಾಗ ಜೋಮು ಹಿಡಿದು, ಮೂತ್ರ ಕಟ್ಟಿರಬಹುದು. ಅವರನ್ನು ತಡಮಾಡದೆ ಆಪರೇಷನ್‌ಗೆ ಕಳಿಸಬೇಕು. ಇವರಿಬ್ಬರನ್ನೂ ಮಂಚದ ಮೇಲೆ ಮಲಗಿಸಿ ಟ್ರ್ಯಾಕ್ಷನ್ ಹಾಕಿದರೆ ಅನಾಹುತ. ಇಂಥ ಲಕ್ಷಣ ಕಂಡರೆ ಕೈ ಮುಟ್ಟದೆ ಕಳಿಸಿಕೊಡಬೇಕು ಎಂದು ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಕಲಿತಿದ್ದಾರೆಯೇ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ನಾಮಫಲಕದಲ್ಲಿ ಸಿಗುವುದಿಲ್ಲ, ಅವರು ಓದಿದ ಕಾಲೇಜಿನಲ್ಲಿ ಸಿಗುತ್ತದೆ.

ನಮ್ಮಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಜೀವ ಉಳಿಸಿದವರು ನರರೋಗ ತಜ್ಞರು, ಅವರಿಗೆ ಕೈಮುಗಿಯುತ್ತೇನೆ. ಹನ್ನೆರಡನೇ ದಿನ ಡಿಸ್ಚಾರ್ಜ್ ಮಾಡಿ, ಚೀಟಿಯ ಕೊನೆಯಲ್ಲಿ ‘ಫಿಸಿಯೋ’ ಎಂದು ಒಂದೇ ಪದ ಗೀಚಿದ್ದರು. ಮನೆಗೆ ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಬಂದವಳೇ ನನ್ನನ್ನು ಗದರಿದಳು: “ಎಬ್ಬಿಸೋವಾಗ ಕೈ ಹಿಡಿದು ಎಳೀಬೇಡಿ ಅಂಕಲ್, ಭುಜ ಜಾರುತ್ತೆ.” ನಾವು ಹನ್ನೆರಡು ದಿನವೂ ಹಾಗೇ ಎಳೆದಿದ್ದೆವು. ನೆಂಟರು ತಂದುಕೊಟ್ಟಿದ್ದ ಮೆತ್ತನೆಯ ಚೆಂಡನ್ನು ಅಮ್ಮನ ಕೈಯಿಂದ ತೆಗೆದಿಟ್ಟಳು. “ಮುಷ್ಟಿ ಮುಚ್ಚೋದು ತಾನಾಗೇ ಬರುತ್ತೆ. ಬಿಚ್ಚೋದೇ ಕಷ್ಟ.” ಎರಡು ತಿಂಗಳು ಕಳೆದು ಬೆರಳು ಸ್ವಲ್ಪ ಅಲುಗತೊಡಗಿದ ಮೇಲೆ ಒಂದು ತಟ್ಟೆ, ಒಂದು ಬಟ್ಟಲು ರಂಗೋಲಿ ಪುಡಿ ಕೇಳಿದಳು. ಹೆಬ್ಬೆರಳು, ತೋರುಬೆರಳಿನ ನಡುವೆ ಪುಡಿ ಹಿಡಿದು ಬಿಡಬೇಕು. ಮೊದಲ ದಿನ ಎಲ್ಲ ಒಂದೇ ಗುಡ್ಡೆಯಾಗಿ ಬಿತ್ತು. ಅಮ್ಮ ಅತ್ತರು. ನಾಲ್ಕನೇ ತಿಂಗಳಲ್ಲಿ ನಾಲ್ಕು ಚುಕ್ಕಿ ಸೇರಿಸುವ ಗೆರೆ ಬಂತು, ಹಾವಿನ ಹಾಗೆ. ಅಮ್ಮ ಆ ಹುಡುಗಿಯನ್ನು ಕೊನೆವರೆಗೂ ಕರೆದದ್ದು ‘ಕೈ ಡಾಕ್ಟ್ರಮ್ಮ’ ಎಂದೇ. ದೆಹಲಿಯಿಂದ ಯಾವ ಪತ್ರವೂ ಬೇಕಾಗಲಿಲ್ಲ.

ಇದೆಲ್ಲ ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದ್ದೆ. “ನಾಲ್ಕು ವರ್ಷ ಪುಸ್ತಕದಲ್ಲಿ, ಅಸ್ಥಿಪಂಜರದ ಮೇಲೆ, ಪಕ್ಕದ ಬೆಂಚಿನ ಗೆಳತಿ ಮೇಲೆ. ಲಕ್ವದ ಕೈಯ ಭಾರ ಎಷ್ಟಿರುತ್ತೆ ಅಂತ ಗೊತ್ತಾಗಿದ್ದು ಇಂಟರ್ನ್‌ಶಿಪ್ಪಲ್ಲಿ, ಸರ್ಕಾರಿ ವಾರ್ಡಲ್ಲಿ” ಎಂದಳು. ತನ್ನ ಕಾಲೇಜಿನಲ್ಲಿ ರೋಗಿಗಳೇ ಇರಲಿಲ್ಲವಂತೆ.

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಿಪಿಟಿ ಎಂದರೆ ಇಲ್ಲಿಯವರೆಗೆ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಬಯೋಕೆಮಿಸ್ಟ್ರಿ; ಎರಡನೆಯದರಲ್ಲಿ ಪೆಥಾಲಜಿ, ಫಾರ್ಮಕಾಲಜಿ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ; ಆಮೇಲೆ ಮೂಳೆ, ಹೃದಯ, ಶ್ವಾಸಕೋಶ, ನರ. ಸುಲಭದ ಓದೇನಲ್ಲ. ಹೊಸ ಪಠ್ಯಕ್ರಮ ಇದನ್ನು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷಕ್ಕೆ ಏರಿಸಿದೆ. ಈ ಇಡೀ ಗಲಾಟೆಯಲ್ಲಿ ಹಬ್ಬ ಮಾಡಬೇಕಾಗಿದ್ದ ಸುದ್ದಿ ಇದು. ಟಿವಿ ಚರ್ಚೆಗಳಿಗೆ ಬೇಕಾದದ್ದು ಮಾತ್ರ ಒಂದಕ್ಷರದ ‘ಡಾ.’.

ಕಾಲೇಜುಗಳಿಗೆ ಬೇಕಾದದ್ದೂ ಅದೇ. ಆಸ್ಪತ್ರೆ ಕಟ್ಟುವುದಕ್ಕೆ ದುಡ್ಡು ಬೇಕು, ಹೊರೆಯಷ್ಟು ರೋಗಿಗಳು ಬೇಕು, ಅವರನ್ನು ಮುಟ್ಟಿ ತೋರಿಸುವ ಮೇಷ್ಟರು ಬೇಕು. ‘ಡಾ.’ ಅಚ್ಚು ಹಾಕಿಸುವುದಕ್ಕೆ ಶಾಯಿ ಸಾಕು. ಎಂಬಿಬಿಎಸ್ ತಪ್ಪಿದ ಮನೆಯ ದುಃಖ ಎಷ್ಟು ಬೆಲೆಗೆ ಹೋಗುತ್ತದೆ ಎಂದು ಸೀಟು ಮಾರುವವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ನನ್ನ ಆಪಾದನೆ ಇಷ್ಟು: ಈ ಬಿರುದು ದಾರಿ ತಪ್ಪಿಸುತ್ತಿರುವುದು ಸೊಂಟನೋವಿನ ರೋಗಿಯನ್ನಲ್ಲ, ಪಿಯುಸಿ ಮುಗಿಸಿದ ಹುಡುಗಿಯನ್ನು. ಅವಳು ಡಾಕ್ಟರ್ ಆಗಲು ಸೇರುತ್ತಾಳೆ, ಫಿಸಿಯೋಥೆರಪಿಸ್ಟ್ ಆಗಿ ಹೊರಬೀಳುತ್ತಾಳೆ, ಮೂರನೇ ವರ್ಷದ ಹೊತ್ತಿಗೆ ತನ್ನ ಓದಿನ ಮೇಲೇ ಅವಳಿಗೆ ಮುನಿಸು. ತನ್ನ ವೃತ್ತಿಗೆ ನಾಚುವವರ ಕೈಗೆ ನಮ್ಮಮ್ಮನ ಭುಜವನ್ನು ಕೊಡಲು ನನಗೆ ಧೈರ್ಯವಿಲ್ಲ.

ನಾಚಬೇಕಾದ ವೃತ್ತಿಯೂ ಅಲ್ಲ ಇದು. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಮಾಲೀಷಿನ ಹೆಸರಲ್ಲಿ ನಡೆಯುತ್ತಿದ್ದ ಕೊಳಕು ದಂಧೆಯಿಂದ ತಮ್ಮ ಕೆಲಸವನ್ನು ಬೇರ್ಪಡಿಸಿಕೊಳ್ಳಲು ಸಂಘ ಕಟ್ಟಿದರು. ಮರ್ಯಾದೆ ಗಳಿಸಿದ್ದು ತರಬೇತಿ, ಪರೀಕ್ಷೆಗಳಿಂದ. ನಮ್ಮ ದೇಶದಲ್ಲಿ ಈ ಓದು ಬೇರೂರಿದ್ದು 1950ರ ದಶಕದಲ್ಲಿ, ಪೋಲಿಯೋ ಮಕ್ಕಳ ಕಾಲು ಕಸಿಯುತ್ತಿದ್ದಾಗ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. ಕ್ಯಾಲಿಪರ್ ಕಟ್ಟಿಕೊಂಡು ಶಾಲೆಗೆ ನಡೆದ ನನ್ನ ವಯಸ್ಸಿನ ಎಷ್ಟೋ ಮಂದಿ ಇದಕ್ಕೆ ಸಾಕ್ಷಿ.

ಸರ್ಕಾರದ್ದು ಹೇಳುವುದೇ ಬೇಡ. 2021ರ ಕಾಯ್ದೆಯನ್ನು ಜಾರಿಗೆ ತನ್ನಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಬಿರುದಿನ ಬಗ್ಗೆ ಎರಡು ದಿನದಲ್ಲಿ ಎರಡು ಪತ್ರ ಬರೆಯುವ ಚುರುಕು, ಈ ವೃತ್ತಿಯವರನ್ನು ನೋಂದಾಯಿಸಬೇಕಾದ ರಾಜ್ಯ ಪರಿಷತ್ತು ಕಟ್ಟುವುದರಲ್ಲಿ ಕಾಣಲಿಲ್ಲ. ನೋಂದಣಿ ಸಂಖ್ಯೆ ಗೋಡೆಯ ಮೇಲಿದ್ದರೆ, ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು ಯಂತ್ರ ಹಚ್ಚುವವನಿಗೂ ಐದು ವರ್ಷ ಓದಿದವಳಿಗೂ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ.

‘ಡಾ.’ ಇರಲಿ. ‘ಪಿಟಿ’ಯೂ ಅದೇ ಗಾತ್ರದ ಅಕ್ಷರದಲ್ಲಿರಲಿ, ಜೊತೆಗೆ ನೋಂದಣಿ ಸಂಖ್ಯೆ ಇರಲಿ. ಪ್ರವೇಶದ ಜಾಹೀರಾತಿನಲ್ಲಿ ಮಾತ್ರ ಬಿರುದು ತೋರಿಸಿ ಸೀಟು ಮಾರುವುದನ್ನು ಆಯೋಗ ನಿಷೇಧಿಸಲಿ.

ಅಂಗಡಿಯವರಿಗೆ ಮರುದಿನ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಫೀಸು ಕಟ್ಟುವ ಮುಂಚೆ ಮಗಳನ್ನು ಕರೆದುಕೊಂಡು ಆ ಕಾಲೇಜಿಗೆ ಸೇರಿದ ಆಸ್ಪತ್ರೆಗೆ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ. ಫಿಸಿಯೋಥೆರಪಿ ವಿಭಾಗದ ಬೆಂಚಿನಲ್ಲಿ ಎಷ್ಟು ಜನ ಕೂತಿದ್ದಾರೆ, ಎಣಿಸಿ.