ಬಿಟ್ಟಿ ಉಣ್ಣುವವರಲ್ಲ

ಗೆದ್ದಲಿನ ಕರುಳಿನ ಏಕಕೋಶ ಜೀವಿಗಳನ್ನು ಕಳೆದ ಸಂಚಿಕೆಯ ಲೇಖನ ಪರಾವಲಂಬಿಗಳೆಂದು ಜರಿದಿದೆ. ಇದು ಶುದ್ಧ ತಪ್ಪು. ಅಮೆರಿಕದ ವಿಜ್ಞಾನಿ ಎಲ್.ಆರ್. ಕ್ಲೀವ್‌ಲ್ಯಾಂಡ್ 1920ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದರು. ಮರ ತಿನ್ನುವ ಗೆದ್ದಲಿನ ಹೊಟ್ಟೆಯಲ್ಲಿದ್ದ ಈ ಜೀವಿಗಳನ್ನಷ್ಟೇ ಶಾಖದಿಂದಲೋ ಹೆಚ್ಚು ಒತ್ತಡದ ಆಮ್ಲಜನಕದಿಂದಲೋ ಕೊಂದರು. ಗೆದ್ದಲುಗಳು ಎಂದಿನಂತೆ ಮರ ತಿಂದವು. ತಿನ್ನುತ್ತಲೇ ಕೆಲವು ವಾರಗಳಲ್ಲಿ ಹಸಿವಿನಿಂದ ಸತ್ತವು. ಸಾಯುವ ಮೊದಲೇ ಜೀವಿಗಳನ್ನು ಮರಳಿ ಸೇರಿಸಿದಾಗ ಬದುಕಿಕೊಂಡವು. ಸೆಲ್ಯುಲೋಸನ್ನು ಒಡೆದು ಅಸಿಟೇಟ್ ಆಗಿಸಿ ಗೆದ್ದಲಿಗೆ ಉಣಿಸುವುದು ಇವೇ. ಗೆದ್ದಲಿಗೆ ಸ್ವಂತ ಕಿಣ್ವಗಳೂ ಇವೆ, ನಿಜ, ಅವಷ್ಟೇ ಸಾಲವು.

ಇನ್ನೊಂದು ತಪ್ಪು ನನ್ನನ್ನು ಹೆಚ್ಚು ನೋಯಿಸಿತು. ಲೇಖನಕ್ಕೆ ನಮ್ಮ ಹೊಲದ ಹುತ್ತದ ಚಿತ್ರ ಹಾಕಿದ್ದಾರೆ. ಹುತ್ತ ಕಟ್ಟುವ ಒಡೊಂಟೋಟರ್ಮಿಸ್ ಗೆದ್ದಲಿನಲ್ಲಿ ಮರ ಜೀರ್ಣಿಸುವ ಈ ಏಕಕೋಶ ಜೀವಿಗಳೇ ಇಲ್ಲ. ಅದು ಹುತ್ತದೊಳಗೆ ಶಿಲೀಂಧ್ರ ಬೆಳೆಸಿ ಉಣ್ಣುತ್ತದೆ. ಸಂಪಾದಕರು ದಯವಿಟ್ಟು ತಿದ್ದುಪಡಿ ಪ್ರಕಟಿಸಲಿ.