ಮೀನಿನ ತೊಟ್ಟಿಯ ನೀರು ಚರಂಡಿಯ ಪಾಲಾಗಬಾರದು

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವ ಅಭಿರುಚಿಯು ಪಟ್ಟಣಗಳಿಂದ ಗ್ರಾಮಗಳಿಗೂ ಹಬ್ಬಿರುವುದು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯಂಥ ಊರಿನಲ್ಲಿ ಇದನ್ನು ಕೈಕೊಳ್ಳುವವರು ಒಂದು ಸಂಗತಿಯನ್ನು ಮೊದಲೇ ಆಲೋಚಿಸತಕ್ಕದ್ದು. ಮಳೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿಕೊಂಡಿರುವ ಸೀಮೆಯಲ್ಲಿ ವಾರಕ್ಕೊಮ್ಮೆ ತೊಟ್ಟಿಯ ನೀರೆಲ್ಲವನ್ನೂ ಚರಂಡಿಗೆ ಚೆಲ್ಲಿ ಹೊಸ ನೀರನ್ನು ತುಂಬುವುದು ಯುಕ್ತವೇ? ಯುಕ್ತವಲ್ಲ, ಮೀನಿಗೂ ಅದು ಹಿತವಲ್ಲ.

ರೇಷ್ಮೆಹುಳುವನ್ನು ಸಾಕಿ ಬಲ್ಲ ಸೀಮೆಯವರಿಗೆ ಇದರ ಕಾರಣವನ್ನು ತಿಳಿಸುವುದು ಕಷ್ಟವಲ್ಲ. ತಟ್ಟೆಯಲ್ಲಿ ಹಿಕ್ಕೆಯೂ ತಿಂದುಳಿದ ಸೊಪ್ಪೂ ಸೇರಿಕೊಂಡರೆ ಹುಳುವು ರೋಗಕ್ಕೆ ಈಡಾಗುವುದಷ್ಟೆ. ಮೀನಾದರೋ ತಾನು ಮಲಿನಗೊಳಿಸಿದ ನೀರಿನಲ್ಲಿಯೇ ಉಸಿರಾಡಬೇಕು. ಅದರ ಕಿವಿರುಗಳ ಮೂಲಕ ಹೊರಬೀಳುವ ಅಮೋನಿಯವು ಕಣ್ಣಿಗೆ ಕಾಣದ ವಿಷ. ಆದುದರಿಂದ ನೀರು ತಿಳಿಯಾಗಿ ಕಂಡಮಾತ್ರಕ್ಕೆ ಶುದ್ಧವೆಂದು ಭಾವಿಸಲಾಗದು. ಈ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟನ್ನಾಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ರಷ್ಯಾ ದೇಶದ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿಯು 1890ರ ಸುಮಾರಿನಲ್ಲಿ ಇಂಥ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಹೊಲಕ್ಕೆ ಹಾಕಿದ ಗೊಬ್ಬರವನ್ನು ಬೆಳೆಗೆ ಒದಗುವಂತೆ ಮಾಡತಕ್ಕವೂ ಇವೇ. ಕಲ್ಲು, ಮರಳು, ಬೇರುಗಳಿಗೆ ಅಂಟಿಕೊಂಡು ಬಾಳುವ ಇವು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ತೊಟ್ಟಿಯನ್ನೂ ಕಲ್ಲುಗಳನ್ನೂ ಪೂರ್ತಿಯಾಗಿ ಉಜ್ಜಿ ತೊಳೆಯುವವನು ಕೊಳೆಯೊಡನೆ ಈ ಕೆಲಸಗಾರರನ್ನೂ ಹೊರಹಾಕುವನು. ಮರುವಾರ ಮೀನು ಸತ್ತರೆ ಅಂಗಡಿಯವನನ್ನು ದೂರುವನು.

ನೈಟ್ರೇಟು ಗಿಡಗಳಿಗೆ ಆಹಾರ. ಈಗ ಅಕ್ವಾಪೋನಿಕ್ಸ್ ಎಂದು ಕರೆಯುವ ಪದ್ಧತಿಯ ಮರ್ಮವಿಷ್ಟೆ. ತೊಟ್ಟಿಯ ಮೇಲುಗಡೆ ಒಂದು ಅಗಲವಾದ ಟಬ್ಬನ್ನಿರಿಸಿ, ತೊಳೆದ ಜಲ್ಲಿಯನ್ನು ತುಂಬಿ, ಪುದೀನ, ಹೊನಗೊನೆ, ಒಂದೆಲಗ ಮೊದಲಾದುವನ್ನು ನೆಡಬೇಕು. ಸಣ್ಣ ಪಂಪು ನೀರನ್ನು ಮೇಲೇರಿಸಿದರೆ ಅದು ಜಲ್ಲಿಯಲ್ಲಿಳಿದು, ಬೇರುಗಳನ್ನು ಸೋಕಿ, ತೊಟ್ಟಿಗೆ ಮರಳುವುದು. ಜಲ್ಲಿಯ ಮೇಲೆ ನಿಂಬೆಯ ರಸವನ್ನು ಬಿಟ್ಟು ನೋಡತಕ್ಕದ್ದು. ನೊರೆಯೆದ್ದರೆ ಅದರಲ್ಲಿ ಸುಣ್ಣದಂಶವಿರುವುದರಿಂದ ಬಿಡುವುದು ಮೇಲು. ಗಿಡಗಳು ಬೆಳಕಿಗೆ ಒಡ್ಡಿರಬೇಕು. ಹಿಪ್ಪುನೇರಳೆಗೆ ಔಷಧವನ್ನು ಸಿಂಪಡಿಸಿದ ಸೊಪ್ಪನ್ನು ಹುಳುವಿಗೆ ಕೊಡದಿರುವ ಎಚ್ಚರಿಕೆಯೇ ಇಲ್ಲಿಯೂ ಅವಶ್ಯಕ. ಗಿಡದ ಮೇಲೆ ಬಿದ್ದ ಕೀಟನಾಶಕವು ನೇರವಾಗಿ ಮೀನಿಗೆ ತಲುಪುವುದು.

ಆದರೆ ಇದರಿಂದ ಸಂತೆಗೆ ಸೊಪ್ಪು ಹೊರುವಷ್ಟು ಫಲ ಬರುವುದೆಂದು ಯಾರೂ ನಂಬಬೇಕಾಗಿಲ್ಲ. ಗಿಡಗಳಿಗೆ ಬೇಕಾದ ಕಬ್ಬಿಣ, ಪೊಟ್ಯಾಷುಗಳು ಮೀನಿನ ಆಹಾರದಿಂದ ಸಾಕಷ್ಟು ದೊರೆಯುವುದಿಲ್ಲ. ವಿದ್ಯುತ್ತು ಬಹುಹೊತ್ತು ನಿಂತರೆ ಮೀನುಗಳು ಮೇಲೆ ಬಂದು ಬಾಯ್ದೆರೆಯುವುವು. ಆದ್ದರಿಂದ ಮೀನುಗಳ ಸಂಖ್ಯೆ ಕಡಮೆಯಿರಬೇಕು. ಹಾಕಿದ ಆಹಾರವು ಕೆಲವೇ ನಿಮಿಷಗಳಲ್ಲಿ ಮುಗಿಯುವಂತಿರಬೇಕು. ಗಿಡಗಳಿದ್ದರೂ ಆಗಾಗ್ಗೆ ಸ್ವಲ್ಪ ನೀರನ್ನು ಬದಲಿಸುವುದು ತಪ್ಪದು. ಕ್ಲೋರಿನ್ ಬೆರೆಸಿದ ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ತುಂಬಬೇಕು.

ಹೀಗೆ ತೆಗೆದ ನೀರು ಎಲ್ಲಿಗೆ ಹೋಗಬೇಕೆಂಬುದೇ ಮುಖ್ಯ ಪ್ರಶ್ನೆ. ಚೀನಾ ದೇಶದ ಹೂಝೌ ಪ್ರಾಂತದಲ್ಲಿ ಮೀನಿನ ಕೊಳಗಳ ಏರಿಗಳ ಮೇಲೆ ಹಿಪ್ಪುನೇರಳೆಯನ್ನು ಬೆಳೆದು, ಹುಳುವಿನ ಹಿಕ್ಕೆಯನ್ನು ಮೀನಿಗೂ, ಕೊಳದ ಕೆಸರನ್ನು ಗಿಡಕ್ಕೂ ಹಾಕುವ ಪುರಾತನ ಕ್ರಮವುಂಟು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಅದನ್ನು ಲೋಕದ ಕೃಷಿ ಪರಂಪರೆಗಳಲ್ಲೊಂದೆಂದು ಮನ್ನಿಸಿತು. ಅಷ್ಟು ನೀರು ಕಾಮಗೆರೆಯಲ್ಲಿಲ್ಲವೆಂಬುದು ದಿಟ. ಆದರೂ ಉಪ್ಪನ್ನಾಗಲಿ ಔಷಧವನ್ನಾಗಲಿ ಬೆರೆಸದ ತೊಟ್ಟಿಯಿಂದ ತೆಗೆದ ಎರಡು ಕೊಡ ನೀರನ್ನು ಹಿಪ್ಪುನೇರಳೆಯ ಬುಡಕ್ಕೆ ಹೊಯ್ಯಲು ಪಂಪೂ ಬೇಡ, ವಿದ್ಯುತ್ತೂ ಬೇಡ.